ಮೊಣಕಾಲ ಮೇಲಿನ ತಾಳ

ಇವತ್ತು ಜತ್ತದ ಶಾಲೆಯ ವಾರ್ಷಿಕ ಗ್ಯಾದರಿಂಗ್‌ನಲ್ಲಿ ಮಗಳು ಮೊದಲ ಸಲ ಗೆಳತಿಯರ ಹಾಡಿಗೆ ಗಿಟಾರ್ ನುಡಿಸಲು ಕುಳಿತಳು. ಮನೆಯಲ್ಲಿ ಒಬ್ಬಳೇ ಚೆನ್ನಾಗಿ ನುಡಿಸುವವಳು, ಇಲ್ಲಿ ತಾಳ ತಪ್ಪಿದಳು. ಕೈ ನಿಂತಿತು, ಹಾಡು ನಿಲ್ಲಲಿಲ್ಲ. ಕಣ್ಣು ನನ್ನನ್ನು ಹುಡುಕಿತು.

ನಾನು ಚಿಕ್ಕವಳಿದ್ದಾಗಿನ ಬಿಳೂರಿನ ಗುಡಿಯ ಭಜನೆ ನೆನಪಾಯಿತು. ಎಣ್ಣೆಯ ವಾಸನೆ ಹಿಡಿದ ಜಮಖಾನ, ನನ್ನ ಬೆವೆತ ಪುಟ್ಟ ಕೈಯಲ್ಲಿ ಹಿತ್ತಾಳೆಯ ತಾಳ. ನಾನು ತಪ್ಪಿದಾಗಲೂ ಯಾರೂ ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಅಜ್ಜ ಬಗ್ಗಿ, "ಅಳಬ್ಯಾಡವಾ. ಕೈ ನಿಂತ್ರ ನಿಲ್ಲಲಿ, ಕಿವಿ ನಿಲ್ಲಬಾರ್ದು. ಪಲ್ಲವಿ ತಿರುಗಿ ಬರತೈತಿ, ಆವಾಗ ಕೂಡ್ಕೊ" ಎಂದ. ಅದು ಬರುವ ತನಕ ನನ್ನ ಮೊಣಕಾಲ ಮೇಲೆ ಬೆರಳಿನಿಂದ ತಾಳ ತಟ್ಟಿದ.

ಮಗಳು ವೇದಿಕೆಯ ಮೇಲೆ, ನಾನು ಕೊನೆಯ ಸಾಲಿನಲ್ಲಿ. ಪಲ್ಲವಿ ಬಂದು ಹೋಯಿತು. ಅವಳ ಕೈ ಏಳಲಿಲ್ಲ. ನಾನು ನನ್ನ ಮೊಣಕಾಲನ್ನೇ ತಟ್ಟುತ್ತ ಕುಳಿತಿದ್ದೆ.