ವಿಮಾನದ ಬಾಲದೊಳಗೆ

ಹೋದ ವಾರ ನಮ್ಮ ಅಂಗಡಿಯ ಪಕ್ಕದವರು ಶಟರಿಗೆ ಬಣ್ಣ ಹೊಡೆಸುತ್ತಿದ್ದರು. ಥಿನ್ನರ್ ವಾಸನೆ ಒಳಗೆ ಬಂದದ್ದೇ ತಡ, ನನ್ನ ಕುತ್ತಿಗೆ ಬೆವೆತುಹೋಯಿತು. ಕೈಯಲ್ಲಿದ್ದ ತಾಮ್ರದ ತಂತಿ ಕೆಳಗಿಟ್ಟು ಹೊರಗೆ ಬಂದು ಕೂತೆ. ದಾಸನಕೊಪ್ಪದ ಹಳೇ ಅಕ್ಕಿ ಗಿರಣಿಯಲ್ಲೂ ಸದಾ ಇದೇ ವಾಸನೆ. ಅಲ್ಲಿ ಕಾಕಾ ವಿಮಾನ ಕಟ್ಟುತ್ತಿದ್ದರು.

ಕಾಕಾ ನಮಗೆ ಸಂಬಂಧಿಕರಲ್ಲ, ಎದುರು ಮನೆಯವರು. ಎಲ್ಲೋ ವಿಮಾನ ರಿಪೇರಿಯ ಕೆಲಸದಲ್ಲಿದ್ದು, ನಿವೃತ್ತರಾಗಿ ಊರಿಗೆ ಬಂದವರು. ಮುಚ್ಚಿಹೋಗಿದ್ದ ಗಿರಣಿಯನ್ನು ಬಾಡಿಗೆಗೆ ಹಿಡಿದು, ಇಬ್ಬರು ಕೂರುವಷ್ಟು ಸಣ್ಣ ವಿಮಾನವನ್ನು ಅಲ್ಯೂಮಿನಿಯಂ ತಗಡಿನಿಂದ ಸ್ವಂತ ಕೈಯಲ್ಲಿ ಮಾಡುತ್ತಿದ್ದರು. ಮೊದಮೊದಲು ಬನವಾಸಿಯಿಂದ, ಗುಡ್ನಾಪುರದಿಂದೆಲ್ಲ ಜನ ನೋಡಲು ಬರುತ್ತಿದ್ದರಂತೆ. ವರ್ಷಗಳು ಕಳೆದ ಮೇಲೆ ಯಾರೂ ಬರುತ್ತಿರಲಿಲ್ಲ.

ನಾನೂ ನಮ್ಮವರೂ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುವವರು. ಒಂದು ಬೇಸಿಗೆಯಲ್ಲಿ ಕಾಕಾ ಅಂಗಡಿಗೆ ಬಂದು, "ಬಾಲದೊಳಗ ವೈರ್ ಎಳೀಬೇಕು ತಂಗಿ. ನನ್ನ ಹೆಗಲು ಹಿಡಸೂದಿಲ್ಲ. ನೀ ಸಣ್ಣಾಕಿ ಅದೀ, ವೈರಿನ ಕೆಲಸಾನೂ ಗೊತ್ತೈತಿ" ಅಂದರು.

ನನಗೆ ಮೊದಲಿನಿಂದಲೂ ಇಕ್ಕಟ್ಟೆಂದರೆ ಅಂಜಿಕೆ. ಹಾಗೆಂದು ಹೇಳಿಯೂಬಿಟ್ಟೆ. ಕಾಕಾ ನಗಲಿಲ್ಲ. "ಅಂಜಾವರೇ ಬೇಕು. ಅಂಜದಾಂವ ಹೆಂಗರ ಕಟ್ಟಿ ಬರ್ತಾನ" ಅಂದರು.

ಸೀಟಿನ ಹಿಂದಿನಿಂದ ಅಂಗಾತ ಮಲಗಿ ತೆವಳಬೇಕಿತ್ತು. ಹಿಂದೆ ಹೋದಷ್ಟೂ ಬಾಲ ಕಿರಿದಾಗುತ್ತಿತ್ತು. ತುದಿಯ ದೀಪಕ್ಕೆ ಹೋಗುವ ವೈರನ್ನು ತಗಡಿನ ಅಡ್ಡಪಟ್ಟಿಗಳ ತೂತಿನಲ್ಲಿ ರಬ್ಬರ್ ಬುಶ್ ಕೂರಿಸಿ, ಅದರೊಳಗಿಂದ ದಾಟಿಸಬೇಕು. ಪಕ್ಕದಲ್ಲೇ ವಿಮಾನವನ್ನು ಏರಿಸಿ ಇಳಿಸುವ ಉಕ್ಕಿನ ಕೇಬಲ್ ಒಂದು ರಾಟೆಯ ಮೇಲೆ ಹಾದುಹೋಗಿತ್ತು. ವೈರ್ ಜೋತುಬಿದ್ದು ಆ ಕೇಬಲ್ಲಿಗೆ ಸಿಕ್ಕಿಕೊಂಡರೆ ಮೇಲಿದ್ದವರ ಕಥೆ ಮುಗಿದಂತೆ. ಕಾಕಾ ಅದನ್ನು ಎಷ್ಟು ಸಲ ಹೇಳಿದ್ದರೋ...

ವೈರ್ ಕಟ್ಟಿ ಮುಗಿಸಿ ಕೂಗಿದೆ. ಹೊರಗಿದ್ದ ಕಾಕಾ, ವೈರಿಗೆ ಏನೂ ತಾಗುವುದಿಲ್ಲವಲ್ಲ ಎಂದು ನೋಡಲು ಆ ಕೇಬಲ್ಲಿಗೆ ಜೋಡಿಸಿದ್ದ ಬಾಲದ ಹಲಗೆಯನ್ನು ಕೈಯಿಂದ ಎತ್ತಿದರು. ಕೇಬಲ್ ಸರಿಯಿತು. ನನ್ನ ಜಡೆಯ ತುದಿ ರಾಟೆಯೊಳಗೆ ಹೋಯಿತು.

ಕಿರುಚಿದೆ ಅಂತ ಕಾಣುತ್ತದೆ. ಕಾಕಾ ಹಲಗೆಯನ್ನು ಕೆಳಗೆ ತಂದರು. ಕೂದಲು ಬಿಡಲಿಲ್ಲ, ಇನ್ನಷ್ಟು ಬಿಗಿಯಿತು. ತಲೆ ಒಂದು ಕಡೆ ವಾಲಿಕೊಂಡು ಕಿವಿ ತಗಡಿಗೆ ಒತ್ತಿತ್ತು. ಒಂದು ಕೈ ಮುಂದಕ್ಕೆ ಚಾಚಿತ್ತು, ಇನ್ನೊಂದು ಮೈಕೆಳಗೆ ಸಿಕ್ಕಿತ್ತು. ಟಾರ್ಚು ಉರುಳಿ ಎಲ್ಲೋ ಹೋಯಿತು. ಬಿಸಿಲಿಗೆ ಕಾದ ಶೆಡ್ಡು, ಥಿನ್ನರ್ ವಾಸನೆ, ಮೂಗಿನ ಮುಂದೆಯೇ ತಗಡು. ಎಳೆದುಕೊಂಡ ಉಸಿರು ಎದೆಯವರೆಗೂ ಇಳಿಯುತ್ತಿರಲಿಲ್ಲ. ಇಲ್ಲೇ ಸಾಯುತ್ತೇನೆ ಅನಿಸಿತು. ಮನೆಯಲ್ಲಿ ಒಲೆ ಆರಿಸಿ ಬಂದಿದ್ದೇನೋ ಇಲ್ಲವೋ ಎಂಬ ಯೋಚನೆಯೂ ಅದೇ ಹೊತ್ತಿಗೆ ಬಂತು...

ಕಾಕಾ ಒಳಗೆ ತೂರಲು ನೋಡಿದರು. ಹೆಗಲು ಸಿಕ್ಕಿಕೊಂಡಿತು. ಹಿಂದಕ್ಕೆ ಸರಿದದ್ದು ಕೇಳಿಸಿತು. ಆಮೇಲೆ ಅವರ ದನಿ ತಗಡಿನ ಆಚೆ, ನನ್ನ ಕಿವಿಯ ಹತ್ತಿರವೇ ಬಂತು.

"ತಗಡು ಕೊಯ್ತೀನಿ ತಂಗಿ. ಕಣ್ಣು ಮುಚ್ಚು. ಅಳ್ಳಾಡಬ್ಯಾಡ."

"ಬ್ಯಾಡ್ರಿ ಕಾಕಾ, ವಿಮಾನ ಕೆಡ್ತದ" ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

ಡ್ರಿಲ್ಲಿನ ಸದ್ದು ತಲೆಬುರುಡೆಯೊಳಗೇ ಕೊರೆದಂತಾಯಿತು. ಅದರ ಮೊನೆ ಹಣೆಯ ಪಕ್ಕದಲ್ಲೇ ತೂರಿಬಂತು. ಆಮೇಲೆ ತಗಡು ಕತ್ತರಿಯ ಕರಕರ. ಬೆಳಕು ಬಂತು, ಗಾಳಿ ಬಂತು, ರಕ್ತ ಸುರಿಯುತ್ತಿದ್ದ ಅವರ ಕೈ ಬಂತು. ಅದೇ ಕತ್ತರಿಯಿಂದ ಜಡೆ ಕತ್ತರಿಸಿದರು.

ಹೊರಗೆ ಬಂದು ನೋಡಿದರೆ, ಅವರು ಅಷ್ಟು ವರ್ಷ ತಟ್ಟಿ ನಯ ಮಾಡಿದ್ದ ಬಾಲ ಹೊಟ್ಟೆ ಸೀಳಿದಂತಿತ್ತು. ಅದನ್ನು ಅವರು ತಿರುಗಿಯೂ ನೋಡಲಿಲ್ಲ. ನನಗೆ ನೀರು ಕುಡಿಸುತ್ತಿದ್ದರು.

ಆ ಮಳೆಗಾಲವೆಲ್ಲ ಬಾಲದ ಕೆಲಸವೇ ಆಯಿತು. ಕೊಯ್ದ ಜಾಗಕ್ಕೆ ಸುತ್ತ ಬಲವಾದ ಚೌಕಟ್ಟು ಕೊಟ್ಟು, ತೆಗೆದು ಮುಚ್ಚುವಂಥ ಬಾಗಿಲು ಮಾಡಿದರು. ವೈರನ್ನು ಈ ಸಲ ನಾನು ಹೊರಗೆ ನಿಂತೇ ಕಟ್ಟಿದೆ.

ಸುಗ್ಗಿ ಮುಗಿದ ಮೇಲೆ ವಿಮಾನವನ್ನು ಊರಾಚೆಯ ಗಟ್ಟಿ ಬಯಲಿಗೆ ಒಯ್ದರು. ಹಾರಿಸಲು ಪರವಾನಗಿ ಇನ್ನೂ ಬಂದಿರಲಿಲ್ಲ, ನೆಲದ ಮೇಲೆ ಓಡಿಸಿ ನೋಡುವುದಷ್ಟೇ ಅಂದಿದ್ದರು. ಅವರ ಹೆಂಡತಿ ಕಾಕು ಮನೆಯಲ್ಲೇ ಉಳಿದರು. ನಾನೂ ನಮ್ಮವರೂ ಬಯಲಿನ ಅಂಚಿನಲ್ಲಿ ನಿಂತಿದ್ದೆವು. ವಿಮಾನ ಓಡಿತು, ಬಾಲ ಎತ್ತಿತು, ಇದ್ದಕ್ಕಿದ್ದಂತೆ ಚಕ್ರದ ಕೆಳಗೆ ಬೆಳಕು ಕಂಡಿತು. ಜಾಲಿಗಿಡಗಳಷ್ಟು ಎತ್ತರ ಹೋಗಿತ್ತು. ನಾನು ಕಟ್ಟಿದ ಒಂದೊಂದು ಗಂಟೂ ಕಣ್ಣಮುಂದೆ ಬಂತು. ಯಾವುದೋ ಒಂದನ್ನು ಬಿಗಿದಿಲ್ಲ, ಈಗ ಬಿಚ್ಚುತ್ತಿದೆ ಅನಿಸಿ ನಮ್ಮವರ ತೋಳು ಹಿಡಿದುಕೊಂಡೆ.

ಬಯಲಿನ ಆ ತುದಿಯಲ್ಲಿ ವಿಮಾನ ಕುಪ್ಪಳಿಸಿ ಇಳಿಯಿತು. ಓಡಿಹೋದೆವು. ಕಾಕಾ ಇಳಿದು ರೆಕ್ಕೆಯ ಕೆಳಗೆ ಕೂತಿದ್ದರು.

"ಏರಿದ ಕೂಡ್ಲೇ ಬಾಲದಾಗ ಟಕ್ ಅಂತು. ನೀ ಒಳಗ ಇದ್ದೀ ಅನಿಸ್ತು ತಂಗಿ... ಇಳಿಸೂದೂ ಮರತಂಗಾತು."

ಬಾಗಿಲು ತೆಗೆದು ನೋಡಿದೆವು. ವೈರ್ ಕಟ್ಟಿದಲ್ಲೇ ಇತ್ತು. ಸದ್ದು ಏನೆಂದು ಕೊನೆಗೂ ತಿಳಿಯಲಿಲ್ಲ. ಆಮೇಲೆ ಕಾಕಾ ಅದರಲ್ಲಿ ಕೂರಲಿಲ್ಲ. ಒರೆಸಿ ಇಡುತ್ತಿದ್ದರು, ಅಷ್ಟೇ.

ಹೋದ ಮಳೆಗಾಲದಲ್ಲಿ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ವಿಮಾನವನ್ನು ಯಾವುದೋ ಕಾಲೇಜಿನವರು ರೆಕ್ಕೆ ಬಿಚ್ಚಿ ಲಾರಿಯಲ್ಲಿ ಒಯ್ದರು. ಗಿರಣಿಯಲ್ಲಿ ಈಗ ಗೋವಿನಜೋಳದ ಚೀಲಗಳಿವೆ.

ಮೊನ್ನೆ ಸಂಜೆ ಕಾಕು ಹತ್ತಿರ ಕೂತಿದ್ದೆ. ಕಾಕಾ ಹೋದ ಮೇಲೆ ಅವರು ಹೆಚ್ಚು ಮಾತಾಡುವುದಿಲ್ಲ. ತಾವಾಗಿಯೇ ಕೇಳಿದರು: "ಅವತ್ತು ಕೆಳಗ ಇಳದ ಮ್ಯಾಲೆ ಹೆಂಗಿದ್ರು ಅವರು?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಭಾಳ ಅಂಜಿದ್ರು, ಕಾಕು" ಅಂದೆ.

"ಇಷ್ಟು ವರ್ಷ ಈ ಮನ್ಯಾಗ ಅಂಜಾಕಿ ನಾ ಒಬ್ಬಾಕಿನೇ ಅಂತ ತಿಳಿದಿದ್ದೆ" ಅಂದರು. "ನನ್ನ ಮುಂದ ಒಂದ್ ಸಲ ಹೇಳಬೇಕಿತ್ತು."

ನಾನು ಅವರ ಕೈ ಹಿಡಿದುಕೊಂಡೆ. ಹೇಳಬೇಕಾದವರು ಇರಲಿಲ್ಲ.