ಪುಸ್ತಕವನ್ನೂ ನಂಬದ ಲೈಬ್ರರಿ ಅಕ್ಕೋರು

ಲೈಬ್ರರಿ ಅಕ್ಕೋರ ಎಡಹುಬ್ಬು ಬಲಹುಬ್ಬಿಗಿಂತ ಒಂದಿಷ್ಟು ಮೇಲೆಯೇ ನಿಂತಿರುತ್ತಿತ್ತು. ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ಸುಳ್ಳು ಹೇಳಿ ಸಿಕ್ಕಿಬಿದ್ದವರಂತೆ ತಡಬಡಾಯಿಸುತ್ತಿದ್ದರು. ತುಂಗಭದ್ರಾ ಡ್ಯಾಂ ಕ್ವಾರ್ಟರ್ಸ್ ಪಕ್ಕದ ಆ ಪುಟ್ಟ ಗ್ರಂಥಾಲಯಕ್ಕೆ ಯಾರೇ ಬರಲಿ, ಮೊದಲು ಕೈ ತೋರಿಸಬೇಕು. ಸಂಡೂರಿನ ಅದಿರು ಲಾರಿಗಳು ಹಗಲಿರುಳು ಓಡುತ್ತಿದ್ದ ಕಾಲ. ಅವುಗಳ ಧೂಳಿಗೆ ನಮ್ಮ ಬೆರಳೂ ಕೆಂಪು, ಪುಟಗಳೂ ಕೆಂಪು. "ತೊಳಕೊಂಡು ಬರ್ರಿ" ಎನ್ನುತ್ತಿದ್ದರು. ತೊಳೆದು ಬಂದರೆ ಮತ್ತೊಮ್ಮೆ ನೋಡುತ್ತಿದ್ದರು. ಪುಸ್ತಕ ಕೊಡುವಾಗ ಬರೆದವರು ಯಾರು, ಅಚ್ಚಾದದ್ದು ಯಾವಾಗ ಎಂದು ನಮ್ಮಿಂದಲೇ ಓದಿಸುತ್ತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯೊಂದನ್ನು ಬಿಟ್ಟು ಅವರು ಇನ್ನೇನನ್ನಾದರೂ ನಂಬಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಆಗ ಅಪ್ಪ ಅದಿರು ಲಾರಿ ಓಡಿಸುತ್ತಿದ್ದ. ಕೆಮ್ಮು ಬಿಡದೆ, ಕೊನೆಗೆ ಕ್ಷಯ ಎಂದು ತಿಳಿದು, ಸರ್ಕಾರಿ ದವಾಖಾನೆಯ ಗುಳಿಗೆ ಶುರುವಾಗಿತ್ತು. ನುಂಗಿದ ಮೇಲೆ ಮೂತ್ರ ಕೆಂಪಗೆ ಹೋಗತೊಡಗಿದ್ದೇ ಹೆದರಿ ಗುಳಿಗೆ ಬಿಟ್ಟುಬಿಟ್ಟ. ಡಿಗ್ರಿ ಓದುತ್ತಿದ್ದ ನಾನು ಹೊಸಪೇಟೆಯ ಸೈಬರ್ ಕೆಫೆಯಲ್ಲಿ ಕೂತು ಹುಡುಕಿದೆ. ಆ ಗುಳಿಗೆ ಲಿವರ್ ಹಾಳು ಮಾಡುತ್ತದೆ, ಒಂದು ಬೇರಿನ ಪುಡಿಯಿಂದ ಕ್ಷಯ ಪೂರ್ತಿ ವಾಸಿಯಾಗುತ್ತದೆ ಎಂದು ಅಲ್ಲಿತ್ತು. ಪ್ರಿಂಟ್ ತೆಗೆಸಿಕೊಂಡು, ಆ ಬೇರಿನ ಬಗ್ಗೆ ಪುಸ್ತಕ ಕೇಳಲು ಅಕ್ಕೋರ ಹತ್ತಿರ ಹೋದೆ.

ಅವರು ಹಾಳೆ ಓದಿದರು. ಖಾಲಿಯಿದ್ದ ಹಿಂಬದಿಯನ್ನೂ ನೋಡಿದರು.

"ಹೇಳಿದವ್ರ ಹೆಸರ ಇಲ್ಲ. ಪುಡಿ ಎಲ್ಲಿ ಸಿಗತೈತಿ ಅನ್ನೋದು ಮಾತ್ರ ದಪ್ಪ ಅಕ್ಷರದಾಗ ಐತಿ. ಯಾಕವ್ವಾ?"

ನನಗೆ ಸಿಟ್ಟು ಬಂತು. "ನಿಮ್ಮ ಪುಸ್ತಕದಾಗ ಇರೋದೆಲ್ಲಾ ಖರೇನ್ರೀ ಅಕ್ಕೋರೆ?"

ಅವರು ಎದ್ದು ಹೋಗಿ ಒಂದು ದಪ್ಪ ವೈದ್ಯ ಪುಸ್ತಕ ತಂದರು. ಕ್ಷಯಕ್ಕೆ ಒಳ್ಳೆಯ ಗಾಳಿ, ಹಾಲು, ಮೊಟ್ಟೆ ಎಂದಿತ್ತು. ಗುಳಿಗೆಯ ಮಾತೇ ಇಲ್ಲ. ಅಚ್ಚಾದ ವರ್ಷ ನೋಡಿ ಮುಚ್ಚಿದರು.

"ಇದು ನನಗಿಂತ ಮುದಿ ಐತಿ. ಇದನ್ನೂ ನಂಬಬ್ಯಾಡ. ಗುಳಿಗಿ ಕೊಟ್ಟವ್ರನ್ನ ಕೇಳಾನ ನಡಿ."

ಹೊತ್ತಿಗೆ ಮುಂಚೆ ಎಂದೂ ಬಾಗಿಲು ಹಾಕದವರು ಅಂದು ಬೀಗ ಹಾಕಿದರು, ಎಳೆದೂ ನೋಡಿದರು. ದವಾಖಾನೆಯಲ್ಲಿ ಡಾಕ್ಟರನ್ನೂ ಸುಮ್ಮನೆ ಬಿಡಲಿಲ್ಲ. "ಎಲ್ಲಾರಿಗೂ ಹಿಂಗ ಕೆಂಪ ಆಗತೈತೇನ್ರಿ? ಲಿವರಿಗೆ ಏನೂ ಆಗಂಗಿಲ್ಲೇನು?"

ಮೂತ್ರದ ಕೆಂಪು ಗುಳಿಗೆಯದೇ ಬಣ್ಣ, ಲಿವರಿಗೆ ಕೆಲವರಿಗೆ ತೊಂದರೆ ಆಗಬಹುದು, ರಕ್ತ ಪರೀಕ್ಷೆ ಮಾಡಿ ನೋಡೋಣ, ಆದರೆ ನಡುವೆ ಬಿಟ್ಟರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು. 'ಆಗಬಹುದು' ಎಂದು ಅವರು ಒಪ್ಪಿಕೊಂಡದ್ದೇ ಅಕ್ಕೋರಿಗೆ ಹಿಡಿಸಿತು. ಹೊರಗೆ ಬಂದು, "ಈ ಮನಷ್ಯಾ ಗೊತ್ತಿದ್ದಷ್ಟ ಹೇಳ್ತಾನ. ಗುಳಿಗಿ ನುಂಗಸು" ಎಂದರು.

ನನ್ನ ಮಾತಿನ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ. ಗುಳಿಗೆ ಮುಗಿಯುವ ತನಕ ಸಂಜೆ ಸಂಜೆ ನಮ್ಮ ಮನೆಗೆ ಬಂದು, "ನಾಲಗಿ ಎತ್ರಿ" ಎಂದು ಅಪ್ಪನ ಬಾಯೊಳಗೆ ಇಣುಕುತ್ತಿದ್ದರು. ಯಾರಿಗೂ ಬಗ್ಗದ ಅಪ್ಪ ಬೈದುಕೊಳ್ಳುತ್ತಲೇ ನಾಲಗೆ ಎತ್ತುತ್ತಿದ್ದ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ಅಪ್ಪನೂ ಇದ್ದ. ವಯಸ್ಸಾಯಿತು, ಬೇರೆಯವರಿಗೆ ಬಿಡು ಎಂದರೂ ಕೇಳಲಿಲ್ಲ. ರುದ್ರಭೂಮಿಯವರೆಗೂ ಆ ಧೂಳಿನಲ್ಲೇ ನಡೆದ. ಒಮ್ಮೆಯೂ ಕೆಮ್ಮಲಿಲ್ಲ.