ಗಂಗವ್ವ ಹೇಳದೇ ಇದ್ದ ಮಾತು

ಇಂಥಾವನ್ನೆಲ್ಲಾ ಬರಿಯೂ ಪೈಕಿ ನಾ ಅಲ್ಲ. ದೆವ್ವ ನೋಡಿದೆ, ಗಾಳಿ ಬಡೀತು, ಸತ್ತವರು ಬಂದು ಕರದ್ರು ಅಂತ ಯಾರರ ಶುರು ಮಾಡಿದ್ರ ಎದ್ದು ಚಾ ಮಾಡಾಕ ಹೋಗಾಕಿ ನಾ. ತವರುಮನಿ ನರಗುಂದದಾಗ ನಮ್ಮವ್ವ, "ಈಕಿ ಮುಂದ ದೇವರ ಬಂದು ನಿಂತ್ರೂ ಆಧಾರ್ ಕಾರ್ಡ್ ಕೇಳ್ತಾಳ" ಅಂತ ಬೈತಿದ್ಲು. ಬೈಲಿ ಬಿಡ್ರಿ. ರೋಣದ ಕಾಲೇಜಿನಾಗ ಕಂಪ್ಯೂಟರ್ ಕಲಸ್ತೀನಿ. ಯಂತ್ರ ತಪ್ಪು ಉತ್ತರಾ ಕೊಟ್ರ ಎಲ್ಲೋ ನಾವ ತಪ್ಪೀವಿ, ಹುಡುಕಿದ್ರ ಸಿಗತೈತಿ ಅಂತ ಹುಡುಗರಿಗೆ ಹೇಳ್ಕೋತ ಬಂದೀನಿ. ಈ ಒಂದನ್ನ ಮಾತ್ರ ಹುಡುಕಿ ಹುಡುಕಿ ಸಾಕಾಗೇತಿ. ಓದಿದ ಮ್ಯಾಲೆ ನಿಮಗೇನರ ಹೊಳದ್ರ ಪುಣ್ಯಾ ಬರತೈತಿ, ನನಗೂ ಹೇಳ್ರಿ.

ನಾನು, ನನ್ನ ಕೂಡ ಕಲಸೂ ಗಜೇಂದ್ರಗಡದ ಹಸೀನಾ ಇಬ್ರೂ ಕೂಡಿ ಒಂದು ಕೆಲಸಾ ಹಚ್ಕೊಂಡಿದ್ವಿ. ಸುತ್ತಮುತ್ತಲಿನ ಊರಿಗೆ ಹೋಗೂದು, ಹಿರೇರ ಮಾತು ಮೊಬೈಲಿನಾಗ ಹಿಡ್ಕೊಂಡು ಬರೂದು. ಹೊಳೆಮಣ್ಣೂರಾಗ ಹೊಳಿ ಬಂದಾಗ ದನಾ ಹ್ಯಾಂಗ ಉಳಿಸ್ಕೊಂಡ್ರು, ಇಟಗಿ ಜಾತ್ರಿಗೆ ನಡಕೋತ ಹೋಗೂರಿಗೆ ದಾರ್ಯಾಗ ನೀರು ಎಲ್ಲಿ ಸಿಗತಿತ್ತು, ಇಂಥಾವು. ಹಸೀನಾ ಅದನ್ನೆಲ್ಲಾ ಕೇಳಿ ಕೇಳಿ ಬರದ್ಲು. ಹೇಳಿದವರ ಹೆಸರಿಲೆ ಒಬ್ಬೊಬ್ಬರಿಗೆ ಒಂದೊಂದು ಫೈಲ್. ಎಲ್ಲಾ ಒಂದು ಡೇಟಾಬೇಸಿನಾಗ ಹಾಕಿ, ಹುಡುಕಾಕ ಸಣ್ಣದೊಂದು ಸರ್ಚ್ ಎಂಜಿನ್ ಕೂಡಿಸಿ, ಅದಕ್ಕ ಒಂದು ಎಐ ಸಹಾಯಕನ್ನ ಜೋಡಿಸಿದ್ವಿ.

ಅದಕ್ಕ ನಾ ಹಾಕಿದ ಕಟ್ಟಳಿ ಭಾಳ ಸರಳ. ಯಾರರ ಏನರ ಕೇಳಿದ್ರ ನಮ್ಮ ಡೇಟಾಬೇಸಿನಾಗ ಹುಡುಕು. ಸಿಕ್ಕದ್ದನ್ನ ಹೇಳು, ಅದು ಯಾರ ಮಾತು ಅಂತ ಹೆಸರು ಹೇಳು. ಸಿಗಲಿಲ್ಲಂದ್ರ ಸಿಗಲಿಲ್ಲ ಅನ್ನು. ನಿಂದೇನೂ ಸೇರಸಬ್ಯಾಡ.

ಜೋಡಣಿ ಮುಗದ ಮ್ಯಾಲೆ, ಮಾತು ಕೊಟ್ಟವರಿಗೇ ಮೊದಲು ತೋರಸೂಣು ಅಂತ ಅಬ್ಬಿಗೇರಿಗೆ ಹೋದ್ವಿ. ಅಲ್ಲಿ ನಮಗ ಹಿರೇರನ್ನ ಗುರ್ತು ಮಾಡಿಕೊಟ್ಟಾಂವ ಬಸವರಾಜ, ಮೋಟರ್ ರಿಪೇರಿ ಮಾಡಾಂವ. ಅವನ ಅಜ್ಜಿ ಗಂಗವ್ವ. ಆಕಿ ಮಾತೂ ಹಿಡೀಬೇಕಂತ ಹಿಂದೊಮ್ಮೆ ಹಸೀನಾ ಮೊಬೈಲಿನಾಗ ರೆಕಾರ್ಡಿಂಗ್ ಹಚ್ಚಿ ಮುಂದ ಕುಂತು ಎಷ್ಟು ಪುಸಲಾಯಿಸಿದ್ರೂ ಆಕಿ ಬಾಯಿ ಬಿಟ್ಟಿರಲಿಲ್ಲ. ಮೊರದಾಗ ಜ್ವಾಳ ಹಸನ ಮಾಡ್ಕೋತ ಕುಂತಬಿಟ್ಲು. "ನಮ್ಮಾಯಿ ಹಂಗರಿ," ಅಂದಿದ್ದ ಬಸವರಾಜ. "ನಮ್ಮ ಮುತ್ಯಾ, ಈಕಿ ಗಂಡ, ಹಗೇವಿನಾಗ ಇಳದು ಸತ್ತಾಗ ನಮ್ಮಪ್ಪ ತೊಟ್ಟಲದಾಗ ಇದ್ನಂತ. ಅವತ್ತಿನಿಂದ ಹ್ಞೂಂ, ಊಹ್ಞೂಂ ಬಿಟ್ರ ಮಾತಿಲ್ಲ." ಹಂಗಾಗಿ ಗಂಗವ್ವನ ಹೆಸರಿಲೆ ಒಂದು ಫೈಲ್ ಇತ್ತು, ಅದರಾಗ ಒಂದಕ್ಷರ ಇರಲಿಲ್ಲ.

ಹಗೇವು ಅಂದ್ರ ಮನಿ ಮುಂದ ನೆಲದಾಗ ಆಳಕ್ಕ ತೋಡಿದ ಕಣಜ. ಜ್ವಾಳ ತುಂಬಿ ಬಾಯಿಗೆ ಕಲ್ಲು ಮುಚ್ಚತಿದ್ರು. ಒಳಗ ಕೆಟ್ಟ ಗಾಳಿ ಕುಂತಿರತೈತಿ, ತಿಳೀಲಾರದ ಇಳದವರು ಮ್ಯಾಲೆ ಬರೂದಿಲ್ಲ. ಈಗ ಯಾರೂ ಜ್ವಾಳ ಹಾಕೂದಿಲ್ಲ, ಎಲ್ಲಾ ಮುಚ್ಚಿ ಬಿಟ್ಟಾರ. ನಾವು ಹೋದ ದಿನಾ ಬಸವರಾಜ ತಮ್ಮನಿ ಹಗೇವಿನ ಕಲ್ಲು ತಗದು ಕುಂತಿದ್ದ. ಅದನ್ನ ಮಳಿನೀರಿನ ಟಾಕಿ ಮಾಡಬೇಕಂತ ಅವಂಗ ಹುಕಿ ಬಂದಿತ್ತು. ಇಳದು ಅಳತಿ ತಗೋಬೇಕು, ಅದಕ್ಕ ಹಗ್ಗಾ, ಟೇಪು ಎಲ್ಲಾ ತಯಾರು.

"ಯಪ್ಪಾ, ನಿಮ್ಮ ಮುತ್ಯಾ ಹೋದದ್ದು ಇದರಾಗ ಅಲ್ಲೇನೋ?" ಅಂದೆ.

"ಅವಾಗ ಜ್ವಾಳ ಇತ್ರಿ ಅಕ್ಕಾರ. ಈಗ ಖಾಲಿ ಐತಿ, ಏನಾಕ್ಕೈತಿ?" ಅಂತ ನಕ್ಕ. "ಬೇಕಾದ್ರ ನಿಮ್ಮ ಯಂತ್ರಾನ ಕೇಳ್ರಿ."

ಕೇಳಿದೆ. ಹಗೇವಿನಾಗ ಇಳಿಯೂ ಮುಂದ ಏನು ಮಾಡಬೇಕು ಅಂತ ಬರದು ಒತ್ತಿದೆ. ಗಂಗವ್ವ ಕಟ್ಟಿ ಮ್ಯಾಲೆ ಯಾವಾಗಿನಂಗ ಜ್ವಾಳ ಹಸನ ಮಾಡ್ಕೋತ ಕುಂತಿದ್ಲು. ಲ್ಯಾಪ್‌ಟಾಪು ಗಟ್ಟಿಯಾಗಿ ಓದಿತು. ಬಾಯಿ ತೆರೆದು ಗಾಳಿ ಆಡಲು ಬಿಡಬೇಕು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು, ಕಂದೀಲು ಆರಿದರೆ ಯಾರೂ ಇಳಿಯಬಾರದು ಅಂತ ಪುಸ್ತಕದ ಕನ್ನಡದಾಗ ಹೇಳಿ, ಇದನ್ನ ಹೇಳಿದ ಊರ ಹಿರೇರ ಹೆಸರು ಹೇಳಿತು. ಎಲ್ಲಾ ಸರಿ ಇತ್ತು. ಆಮ್ಯಾಲೆ ಅದರ ಮಾತಿನ ಧಾಟಿನ ಬದಲಾತು. "ಕಂದೀಲ ಆರಿದ್ರ ಎಣ್ಣಿ ಮುಗದಿರಬೇಕು ಅಂತ ತಿಳೀಬ್ಯಾಡ್ರಿ. ಅಳ್ಳಾಡಿಸಿ ನೋಡ್ರಿ." ಅದು ಯಾರ ಮಾತು ಅಂತ ಹೆಸರೂ ಹೇಳಿತು: ಗಂಗವ್ವ, ಅಬ್ಬಿಗೇರಿ.

ಹಸೀನಾ ನನ್ನ ಕೈ ಹಿಡದ್ಲು. "ಅಕ್ಕಾ, ಆ ಫೈಲ್ ಖಾಲಿ ಐತ್ರಿ. ನಾನ ಹೆಸರು ಬರದು ಬಿಟ್ಟೀನಿ."

"ಇಲ್ಲದ್ದನ್ನ ಕಟ್ಟಿ ಹೇಳಾಕ ಹತ್ತೈತಿ ಬಿಡ, ಈ ಯಂತ್ರಕ್ಕ ಆ ಚಟಾ ಐತಿ" ಅಂದೆ. ಹಂಗ ಅಂದೆ ಖರೇ, ಮನಸ್ಸಿನಾಗ ಸಿಟ್ಟು ಬಂತು. ನಾನ ಕೂಡಿಸಿದ ಕಟ್ಟಳಿ ಮೊದಲನೇ ದಿನಾನ ಮುರೀತಲ್ಲಾ ಅಂತ.

ಬಸವರಾಜ ಮೊಬೈಲ್ ಟಾರ್ಚ್ ಹಿಡ್ಕೊಂಡ ಇಳೀತೀನಿ ಅಂದ. ಕಂದೀಲು ಬಿಡದ ಹೊರತು ಇಳಿಯಾಕ ಬಿಡೂದಿಲ್ಲ ಅಂತ ನಾ ಹಟಾ ಹಿಡದೆ. ಗೊಣಗಿಕೋತ ಅಟ್ಟದ ಮ್ಯಾಲಿಂದ ಹಳೇ ಕಂದೀಲು ತಗದ, ಮಗ್ಗಲ ಮನ್ಯಾಗ ಚಿಮಣಿ ಎಣ್ಣಿ ಇಸ್ಕೊಂಡು ಬಂದು ಹಾಕಿದ, ಹಚ್ಚಿ ಬಿಟ್ಟ. ಮೂವರೂ ಬಗ್ಗಿ ನೋಡಿದ್ವಿ. ಮಟಾಮಟಾ ಮಧ್ಯಾಹ್ನ, ಬಿಸಲು ಚುರುಚುರು ಅಂತಿತ್ತು. ಬೆಳಕು ಕಲ್ಲಿನ ಗ್ವಾಡಿ ಮ್ಯಾಲೆ ಸರಕೋತ ಇಳೀತು. ಅರ್ಧಕ್ಕ ಹೋಗಿತ್ತೋ ಇಲ್ಲೋ, ಯಾರೋ ಊದಿದಂಗ ಆರಿತು.

ಬಸವರಾಜ ಹಗ್ಗಾ ಜಗ್ಗಿ ಕಂದೀಲು ಮ್ಯಾಲೆ ತಗದ. "ಎಣ್ಣಿ ಮುಗದಿರಬೇಕು," ಅಂತ ಅದನ್ನ ಬಾಜೂಕ ಇಟ್ಟು ಕಾಲು ಒಳಗ ಬಿಟ್ಟ.

ಈಗಷ್ಟ ಕೇಳಿದ ಮಾತು ಅವನ ಬಾಯಾಗ ಹಂಗ ಬಂದಿತ್ತು. ಅವನ ಅಂಗಿ ಕೊರಳಪಟ್ಟಿ ಹಿಡದು ಹಿಂದಕ್ಕ ಜಗ್ಗಿದೆ, ಗುಂಡಿ ಕಿತ್ತು ಹೋತು. ಕಂದೀಲು ಎತ್ತಿ ಅವನ ಕಿವಿ ಹಂತ್ಯಾಕ ಅಳ್ಳಾಡಿಸಿದೆ. ಒಳಗ ಎಣ್ಣಿ ಕುಳುಕುಳು ಅಂತು. ಅವನ ಮಾರಿ ಮ್ಯಾಲಿನ ನಗಿ ಇಳದು ಹೋತು. ಕಾಲು ಮ್ಯಾಲೆ ತಗೊಂಡು ಅಲ್ಲೇ ನೆಲದ ಮ್ಯಾಲೆ ಕುಂತ.

ಹಿಂದ ಮೊರ ಬಿದ್ದ ಸಪ್ಪಳಾತು. ಗಂಗವ್ವ ಕಟ್ಟಿ ಇಳದು ಬಂದಿದ್ಲು, ಕಾಲಾಗ ಜ್ವಾಳ ತುಳಕೋತ. ಮೊಮ್ಮಗನ ತಲಿ ಮ್ಯಾಲೆ ಕೈ ಇಟ್ಲು. ಭಾಳ ವರ್ಷ ಮುಚ್ಚಿದ ಬಾಗಲಾ ತಗದಂಗ ಆಕಿ ದನಿ ಬಂತು.

"ನಾನೂ ಹಂಗ ಅಂದಿದ್ದೆ, ಬಸೂ. ಕಂದೀಲ ಆರಿ ಬಂತು. ಎಣ್ಣಿ ಮುಗದಿರಬೇಕು, ಇಳೀರಿ, ಹಿಟ್ಟಿಗೆ ಜ್ವಾಳ ಇಲ್ಲ ಅಂದೆ. ಅವರು ಇಳದ್ರು. ಆಮ್ಯಾಲೆ ಕಂದೀಲ ಎತ್ತಿ ನೋಡಿದೆ, ತುಂಬಿತ್ತು." ಬಸವರಾಜ ಆಕಿ ಕಾಲು ಹಿಡ್ಕೊಂಡು ಸಣ್ಣ ಕೂಸಿನಂಗ ಅತ್ತ. ಹಸೀನಾನೂ ಅತ್ಲು. ಗಂಗವ್ವ ಅಳಲಿಲ್ಲ. ನನ್ನ ಕಡೆ ತಿರಗಿ ಕೇಳಿದ್ಲು, "ಯವ್ವಾ, ಇದನ್ನ ನಾ ಯಾರ ಮುಂದೂ ಆಡಿಲ್ಲ. ನನ್ನ ಮಗನ ಮುಂದೂ ಆಡಿಲ್ಲ. ಆ ಡಬ್ಬಿಗೆ ಯಾರು ಹೇಳಿದ್ರು?"

ಅಲ್ಲೇ ಮತ್ತೊಮ್ಮೆ ಅದೇ ಪ್ರಶ್ನಿ ಕೇಳಿದೆ. ಊರ ಹಿರೇರ ಮಾತು ಬಂದ್ವು, ಗಂಗವ್ವನ ಹೆಸರು ಬರಲಿಲ್ಲ. ಗಂಗವ್ವ ಏನು ಹೇಳ್ಯಾಳ ಅಂತ ನೇರ ಕೇಳಿದೆ. ಸಿಗಲಿಲ್ಲ ಅಂತು. ಮನಿಗೆ ಬಂದು ಎಲ್ಲಾ ಬಿಚ್ಚಿ ನೋಡಿದೆ, ಅದು ಏನೇನು ಹುಡುಕೇತಿ ಅನ್ನೂದನ್ನೂ ತಗದು ನೋಡಿದೆ. ಆಕಿ ಫೈಲ್ ತಗದು ಓದೇತಿ ಅಂತ ಇತ್ತು. ಫೈಲ್ ಖಾಲಿ.

ಯಂತ್ರ ಕಟ್ಟಿ ಹೇಳತೈತಿ ಅನ್ನೂದು ನನಗೂ ಗೊತ್ತೈತ್ರಿ. ಕಟ್ಟಿದ್ದು ಒಬ್ಬಾಕಿ ಎದಿಯಾಗ ಇಷ್ಟು ವರ್ಷ ಹೂತಿಟ್ಟ ಮಾತಿಗೆ ಹ್ಯಾಂಗ ಕೂಡೀತು? ಹಸೀನಾ ಹಿಡದ ಆ ರೆಕಾರ್ಡಿಂಗನ್ನ ಎಷ್ಟು ಸಲ ಕೇಳೀನೋ ಲೆಕ್ಕಿಲ್ಲ. ಬರೇ ಮೊರದ ಸಪ್ಪಳ, ಕೋಳಿ, ಫ್ಯಾನು. ಒಂದು ಕಡೆ ಮಾತ್ರ ಮೊರ ನಿಲ್ಲತೈತಿ, ಭಾಳ ಕೆಳಗಿಂದ ಯಾರೋ ಉಸರು ಎಳಕೊಂಡಂಗ ಕೇಳತೈತಿ. ಹಸೀನಾ ಅದು ಗಾಳಿ ಅಂತಾಳ. ಇರಬಹುದು. ಈಗ ಒಬ್ಬಾಕಿ ಇದ್ದಾಗ ಅದನ್ನ ಹಚ್ಚೂದಿಲ್ಲ ನಾ.

ಬಸವರಾಜ ಹಗೇವು ಮಣ್ಣು ಹಾಕಿ ಮುಚ್ಚಿದ. ಆಮ್ಯಾಲೆ ನಾ ಹೋದಾಗೆಲ್ಲಾ ಗಂಗವ್ವ ಅದನ್ನ ಕೇಳಾಕಿ, ಯಾರು ಹೇಳಿದ್ರು ಅಂತ. ಗೊತ್ತಿಲ್ರಿ ಅಂತಿದ್ದೆ. ಕಡೇ ಸಲ ಹೋದಾಗ ಹಾಸಿಗಿ ಹಿಡದಿದ್ಲು. ಹಂತ್ಯಾಕ ಕರದು, ಕೈ ಹಿಡದು, ತಾನ ಹೇಳಿದ್ಲು. "ಅವರ ಹೇಳಿರಬೇಕು. ಮೊಮ್ಮಗನ್ನ ಉಳಿಸ್ಕೊಂಡ್ರು. ಹಂಗಾದ್ರ ಅವರಿಗೆ ನನ್ನ ಮ್ಯಾಲೆ ಸಿಟ್ಟಿಲ್ಲ, ಹೌದಲ್ಲಾ ಯವ್ವಾ?"

ದೇವರ ಬಂದು ನಿಂತ್ರೂ ಸಾಕ್ಷಿ ಕೇಳಾಕಿ ನಾ. "ಹೌದ್ರಿ" ಅಂದೆ. ಸುಳ್ಳು ಹೇಳಿದ್ನೋ ಖರೇ ಹೇಳಿದ್ನೋ, ಇವತ್ತಿಗೂ ನನಗ ತಿಳಿದಿಲ್ಲ.